ಅಳದ ಹುಡುಗಿಯ ನೋವು

ಹುಡುಗಿ ಅಳಲಿಲ್ಲ. ತಂಟೆ ಶುರುವಾದದ್ದೇ ಅಲ್ಲಿಂದ.

ಮಕ್ಕಳ ವಾರ್ಡಿನ ಆ ನರ್ಸಿಗೆ ಜೊತೆಯವರು ಇಟ್ಟ ಹೆಸರು ಯಾಕಮ್ಮ. ಯಾರು ಏನೇ ಹೇಳಲಿ, ‘ಯಾಕೆ?’ ಎಂದು ಕೇಳದೆ ಅವಳ ಗಂಟಲಲ್ಲಿ ನೀರಿಳಿಯುತ್ತಿರಲಿಲ್ಲ.

ಬೆಳಿಗ್ಗೆ ಹರ್ನಿಯಾ ಆಪರೇಷನ್ ಆದ ಆರು ವರ್ಷದ ಹುಡುಗಿ ಮಧ್ಯಾಹ್ನವಾದರೂ ಕಮಕ್ ಕಿಮಕ್ ಎನ್ನದೆ ಮಲಗಿದ್ದಳು. ಉಳಿದ ಮಕ್ಕಳು ಸೂರು ಹಾರಿಹೋಗುವಂತೆ ಕಿರುಚುತ್ತಿದ್ದರು. ಹುಡುಗಿಯ ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. ತಮ್ಮ ವಂಶದಲ್ಲೇ ನೋವಿಗೆ ಅತ್ತವರಿಲ್ಲವೆಂದು ವಾರ್ಡಿಗೆಲ್ಲ ಸಾರಿದರು. ಹೆಡ್ ಸಿಸ್ಟರ್ ಅಂತೂ ಅಳುವ ಮಕ್ಕಳಿಗೆ ಅವಳನ್ನೇ ತೋರಿಸಿ ಬುದ್ಧಿ ಹೇಳಿದರು.

ಯಾಕಮ್ಮ ಮಾತ್ರ ನೋಡುತ್ತಲೇ ಇದ್ದಳು. ಕೂದಲು ಕಣ್ಣಿಗೆ ಬಿದ್ದರೂ ಹುಡುಗಿ ಕೈಯೆತ್ತಿ ಸರಿಸಲಿಲ್ಲ. ಟ್ರಾಲಿ ಮಂಚಕ್ಕೆ ತಾಗಿದಾಗ ಅವಳ ಮುಷ್ಟಿ ಬಿಗಿಯಿತು. ಚೀಟಿಯಲ್ಲಿ ವೈದ್ಯರು ‘ನೋವಿದ್ದರೆ ಕೊಡಿ’ ಎಂದು ಔಷಧಿ ಬರೆದಿದ್ದರು. ಆದರೆ ಎಷ್ಟು ಸಲ ಕೇಳಿದರೂ ಹುಡುಗಿಯದು ಒಂದೇ ಉತ್ತರ: ಇಲ್ಲ.

“ಇಲ್ಲ ಅಂದ್ಮೇಲೆ ಮುಗೀತು,” ಎಂದರು ಹೆಡ್ ಸಿಸ್ಟರ್. “ಮಲಗಿರೋ ಹಾವನ್ನ ಯಾಕೆ ತುಳೀತೀಯ?”

ಅಜ್ಜಿ ಊಟಕ್ಕೆ ಹೋದದ್ದೇ ತಡ, ಯಾಕಮ್ಮ ಸ್ಟೂಲ್ ಎಳೆದುಕೊಂಡು ಕೂತು, ಹುಡುಗಿಯ ಪಕ್ಕದಲ್ಲಿದ್ದ ಬಟ್ಟೆಗೊಂಬೆಗೆ ನೋವಿದೆಯೇ ಎಂದು ವಿಚಾರಿಸಿದಳು.

“ತುಂಬಾ ಇದೆ,” ಎಂದು ಹುಡುಗಿ ಪಿಸುಗುಟ್ಟಿದಳು. “ಆದ್ರೆ ಹೇಳಲ್ಲ. ಹೇಳಿದ್ರೆ ಸೂಜಿ ಚುಚ್ತಾರೆ.”

ಸೂಜಿಯಲ್ಲ, ಕುಡಿಯುವ ಔಷಧಿ ಎಂದು ಯಾಕಮ್ಮ ಬಾಟಲಿ ತೋರಿಸಿದಳು. ಹುಡುಗಿ ಯೋಚಿಸಿದಳು.

“ಹಾಗಾದ್ರೆ ಕೊಡಿ. ಅದ್ರ ಪಾಲು ನಾನೇ ಕುಡೀತೀನಿ.”

ಔಷಧಿ ಇಳಿದು ಮುಕ್ಕಾಲು ಗಂಟೆಯಾಗಿರಬೇಕು. ಹುಡುಗಿ ಎದ್ದು ಕೂತಳು, ಹಾಡಿದಳು, ಪಕ್ಕದ ಮಂಚದವನ ಜೊತೆ ಜಗಳ ತೆಗೆದಳು, ಕೊನೆಗೆ ಈಗಲೇ ಮನೆಗೆ ಹೋಗಬೇಕೆಂದು ಗೋಳೋ ಎಂದು ಅಳತೊಡಗಿದಳು. ಊಟ ಮುಗಿಸಿ ಬಂದ ಅಜ್ಜಿ ಹೌಹಾರಿದರು. ತಣ್ಣಗಿದ್ದ ಮಗುವಿಗೆ ಏನು ಕುಡಿಸಿದಿರಿ ಎಂದು ಕೂಗಾಡಿದರು. ಹೆಡ್ ಸಿಸ್ಟರ್ ವೈದ್ಯರಿಗೆ ಹೇಳಿಕಳಿಸಿದರು.

ವೈದ್ಯರು ಬಂದು ಹೊಲಿಗೆ ನೋಡಿದರು, ಯಾಕಮ್ಮನ ಮಾತೆಲ್ಲ ಕೇಳಿದರು. ಸೂಜಿಯ ಹೆದರಿಕೆಗೆ ಮಕ್ಕಳು ನೋವು ಬಚ್ಚಿಡುವುದುಂಟು, ಸುಮ್ಮನಿರುವ ಮಗುವನ್ನೇ ಹೆಚ್ಚು ಗಮನಿಸಬೇಕು ಎಂದು ತಲೆದೂಗಿದರು. ಯಾಕಮ್ಮ ಹಿಗ್ಗಿ ಒಂದು ಗೇಣು ಎತ್ತರವಾದಳು.

“ಆಗ ತುಂಬಾ ನೋವಿತ್ತಲ್ವಾ, ಪುಟ್ಟಿ?” ಎಂದು ವೈದ್ಯರು ಹೋಗುವ ಮುನ್ನ ಒಂದು ಮಾತು ಕೇಳಿದರು.

ಹುಡುಗಿ ಅಜ್ಜಿಯ ಮುಖ ನೋಡಿದಳು.

“ನಂಗೆಲ್ಲಿ? ನೋವಿದ್ದಿದ್ದು ಗೊಂಬೆಗೆ.”

ಗೊಂಬೆಯ ನೋವಿಗೆ ಮಗುವಿಗೇಕೆ ಔಷಧಿ ಕೊಟ್ಟೆ ಎಂದು ಬರೆದುಕೊಡುವಂತೆ ಹೆಡ್ ಸಿಸ್ಟರ್ ಯಾಕಮ್ಮನಿಗೆ ಅಲ್ಲೇ ಹೇಳಿದರು. ವೈದ್ಯರು ತುಟಿ ಕಚ್ಚಿ ನಗು ತಡೆದುಕೊಂಡು ಜಾರಿಕೊಂಡರು.

ಯಾಕಮ್ಮ ಮೇಜಿನ ಮುಂದೆ ಕೂತು ಮೊದಲ ಸಾಲನ್ನು ಮೂರನೇ ಸಲ ಹೊಡೆದುಹಾಕುತ್ತಿದ್ದಳು. ಅಷ್ಟರಲ್ಲಿ ವಾರ್ಡಿನ ಎಲ್ಲ ಮಂಚಗಳಿಂದ ಒಟ್ಟಿಗೇ ಕರೆ ಬಂತು. ಹೋಗಿ ನೋಡಿದರೆ ಮಕ್ಕಳೆಲ್ಲ ಕರಡಿ, ಮೊಲ, ರೈಲುಗಳನ್ನು ಎದೆಗವಚಿಕೊಂಡು ಸಾಲಾಗಿ ಕಾಯುತ್ತಿದ್ದರು.

ರೈಲಿಗಂತೂ ತಡೆಯಲಾರದ ನೋವಂತೆ.