ಒಂದು ಊರು, ಒಂದು ಬೀಚು, ಒಂದು ದ್ವೀಪ

"ಈ ಮನೆಯಲ್ಲಿ ಇದೊಂದು ವಿಷಯ ಮಾತ್ರ ತೀರ್ಮಾನ ಮಾಡೋದು ನಾನು! ನೆನಪಿರಲಿ!" ಎಂದು ವಿಶಾಲ ಎದೆಯುಬ್ಬಿಸಿ ಘೋಷಿಸಿದ. ಅಡುಗೆಮನೆಯಲ್ಲಿ ಬಂಗಡೆ ಕೊಯ್ಯುತ್ತಿದ್ದ ಹೆಂಡತಿ ಸುಚಿತಾ, "ಆತು" ಅಂದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಸಲೀಸಾಗಿ "ಆತು" ಅಂದದ್ದು ಅದೇ ಮೊದಲು. ಬೇರೆ ಗಂಡಸಾಗಿದ್ದರೆ ಅಲ್ಲೇ ಹೆದರುತ್ತಿದ್ದ. ಇವನು ಇನ್ನಷ್ಟು ಉಬ್ಬಿದ.

ವಿಷಯವೇನು ಸಣ್ಣದೇ? ೨೦೦೩ನೇ ಇಸವಿ. ಹೊನ್ನಾವರ ಪೇಟೆಯಲ್ಲಿ ಸಿಮೆಂಟ್ ಅಂಗಡಿ ಇಟ್ಟಿದ್ದ ವಿಶಾಲ ಆ ವರ್ಷ ಎಷ್ಟು ಚೀಲ ಮಾರಿದ್ದನೆಂದರೆ, ಕಂಪನಿಯವರು ಖುಷಿಯಾಗಿ ಗಂಡ-ಹೆಂಡತಿ ಇಬ್ಬರನ್ನೂ ಐದು ದಿನ ಥಾಯ್ಲೆಂಡಿಗೆ ಕಳಿಸುತ್ತೇವೆ ಅಂದಿದ್ದರು. ಪಾಸ್‌ಪೋರ್ಟು, ವಿಮಾನ, ಊಟ ಎಲ್ಲ ಅವರದ್ದೇ. ಜುಲೈಯಲ್ಲಿ ಹೊರಡುವುದು. ಇವನ ಕೆಲಸ ಒಂದೇ: ಕಂಪನಿ ಕಳಿಸಿದ ಬಣ್ಣದ ಪುಸ್ತಕ ನೋಡಿ, ಒಂದು ಊರು, ಒಂದು ಬೀಚು, ಒಂದು ದ್ವೀಪ ಆರಿಸಿ, ಶನಿವಾರದೊಳಗೆ ಫಾರ್ಮು ಫ್ಯಾಕ್ಸ್ ಮಾಡುವುದು. ತಪ್ಪಿದರೆ ಪ್ರವಾಸ ಕೈತಪ್ಪಿದಂತೆ.

ತೀರ್ಮಾನ ತನ್ನದೇ ಆದರೂ, ಉದಾರಿಯಲ್ಲವೇ, ಪುಸ್ತಕ ಹೆಂಡತಿಯ ಮುಂದೆ ಬಿಡಿಸಿದ. "ಇದು ಕ್ರಾಬಿ. ನೋಡು, ಹೇಗಿದೆ?" ನೀಲಿ ನೀರು, ಬಿಳಿ ಮರಳು, ತೆಂಗಿನಮರದ ಕೆಳಗೆ ಕುರ್ಚಿಯಲ್ಲಿ ಒರಗಿದ ಒಂದು ಜೋಡಿ!

ಸುಚಿತಾ ಕೈ ಒರೆಸಿಕೊಂಡು ಬಂದಳು. ಅವಳೋ ಶರಾವತಿ ಸಮುದ್ರ ಸೇರುವಲ್ಲಿರುವ ಮಾವಿನಕುರ್ವೆ ದ್ವೀಪದಲ್ಲಿ ಹುಟ್ಟಿದವಳು, ಮೀನುಗಾರ ದಾಸನ ಮಗಳು. ಪುಸ್ತಕವನ್ನು ಮೂಗಿನ ತನಕ ತಂದು ನೋಡಿದಳು.

"ಮರದ ಮೇಲೆ ನೋಡ್ರಾ. ಕಾಯಿ ಒಣಗಿ ನೇತಾಡ್ತಾ ಇದೆ. ಕೊಯ್ಯದೆ ವರ್ಷ ಆತು ಕಾಣ್ತದೆ. ಅದರ ಬುಡದಲ್ಲೇ ಮಲಗಿದಾರಲ್ಲ, ತಲೆ ಎಂತ ಆಗಬೇಕು?"

ಅಲ್ಲಿಂದ ಮುಂದೆ ವಿಶಾಲನಿಗೆ ಆ ಚಿತ್ರದಲ್ಲಿ ನೀರೂ ಕಾಣಲಿಲ್ಲ, ಮರಳೂ ಕಾಣಲಿಲ್ಲ. ಬರೀ ಕಾಯಿ! ಕ್ರಾಬಿಗೆ ಗೀಟು ಬಿತ್ತು.

"ಇದು ಪಟ್ಟಾಯ."

"ದಡದಲ್ಲಿ ಒಂದು ಬಲೆ ಇಲ್ಲ, ಒಂದು ಬುಟ್ಟಿ ಇಲ್ಲ. ಇಷ್ಟೆಲ್ಲ ಜನ ಊಟಕ್ಕೆ ಎಂತ ಮಾಡ್ತಾರೆ, ಪಾಪ!"

ಪಟ್ಟಾಯಕ್ಕೂ ಗೀಟು. ಮರುದಿನ ದ್ವೀಪದ ಸರದಿ. "ಇದು ಸಮುಯಿ. ಇದಕ್ಕೆಂತ ಹೇಳ್ತೀ?"

"ಅಲ್ಲಿಗೆ ಹೋಗೋದು ಹೇಗೆ?"

"ದೋಣಿಯಲ್ಲಿ!"

"ಜುಲೈಯಲ್ಲಾ? ನೂಲು ಹುಣ್ಣಿಮೆ ಬರೋದು ಆಗಸ್ಟಿಗೆ. ಸಮುದ್ರಪೂಜೆ ಮಾಡಿ ಕಾಯಿ ಬಿಡದೆ ಯಾರಾದ್ರೂ ಸಮುದ್ರಕ್ಕೆ ಇಳಿತಾರಾ?"

"ಅದು ಅವರ ಸಮುದ್ರ ಮಾರಾಯ್ತಿ!"

"ಅವರದ್ದು ಅಂದ್ರೆ? ನಡುವೆ ಬೇಲಿ ಹಾಕಿದಾರಾ?"

ಬೇಲಿ ಹಾಕಿಲ್ಲವೆಂಬುದು ವಿಶಾಲನಿಗೂ ಗೊತ್ತಿತ್ತು. ತಲೆ ಗಿರ್ರೆಂದಿತು. ಕುಮಟಾದ ಡೀಲರ್ ವೆಂಕಟ ಹೋದ ವರ್ಷ ಹೋಗಿಬಂದವನು. ಅವನಿಗೆ ಫೋನ್ ಹಚ್ಚಿದ.

"ವೆಂಕಟಾ, ಬ್ಯಾಂಕಾಕ್ ಹೇಗಿದೆ ಮಾರಾಯಾ?"

"ದೊಡ್ಡ ಭಟ್ಕಳ ಪೇಟೆ. ಅದೇ ಫಾರಿನ್ ಸೆಂಟು, ವಾಚು, ಕೊಡೆ."

"ಫುಕೆಟ್?"

"ನಮ್ಮ ಕುಮಟಾದ ಬೀಚೇ. ಕುರ್ಚಿಗೆ ಬಾಡಿಗೆ, ಅಷ್ಟೇ."

"ನಿನಗೆ ಎಲ್ಲಿ ಚಲೋ ಆತು, ಅದನ್ನಾದ್ರೂ ಹೇಳು!"

"ಊಟ ವಿಮಾನದಲ್ಲಿ ಚಲೋ ಇತ್ತು."

ಇಂಥವನನ್ನು ಕೇಳಿದ್ದಕ್ಕೆ ತನ್ನ ಹಣೆ ತಾನೇ ಬಡಿದುಕೊಂಡ. ಬ್ಯಾಂಕಾಕ್ ದೊಡ್ಡ ಭಟ್ಕಳವಂತೆ ಎಂದು ಹೆಂಡತಿಗೆ ಹೇಳಿದ್ದೇ ತಡ, "ಭಟ್ಕಳಕ್ಕೆ ಅರ್ಧ ಗಂಟೆಗೊಂದು ಬಸ್ಸಿದೆಯಲ್ರಾ!" ಅಂದಳು.

ಶನಿವಾರ ಸಂಜೆ ಎಸ್‌ಟಿಡಿ ಬೂತಿನಲ್ಲಿ ಕೂತಾಗ ಫಾರ್ಮು ನೋಡುವಂತಿರಲಿಲ್ಲ. ಗೀಟಿನ ಮೇಲೆ ಗೀಟು, ಅದರ ಮೇಲೆ ಬಿಳಿ ಬಣ್ಣ, ಅದರ ಮೇಲೆ ಮತ್ತೆ ಫುಕೆಟ್! ಬೂತಿನವನು "ಬಾಗಿಲು ಹಾಕೂ ಹೊತ್ತಾತು" ಅಂದ. ಬೆವರು ಒರೆಸಿಕೊಳ್ಳುವಾಗ ಫಾರ್ಮಿನ ಬುಡದಲ್ಲಿ ಇರುವೆಯಂಥ ಅಕ್ಷರ ಕಣ್ಣಿಗೆ ಬಿತ್ತು: ಪ್ರವಾಸ ಬೇಡವಾದವರಿಗೆ ಜುಲೈಯಲ್ಲಿ ವಾಷಿಂಗ್ ಮಷಿನ್.

ಅಯ್ಯೋ ದೇವರೇ, ಬುದ್ಧಿ ಎಲ್ಲಿಟ್ಟಿದ್ದೆ! ಅವಳಿಗೆ ಬೀಚು ಬೇಡ, ದ್ವೀಪ ಬೇಡ, ಪೇಟೆ ಬೇಡ. ಮಳೆಗಾಲದಲ್ಲಿ ಬಟ್ಟೆ ಒಗೆದು ಕೈ ಸೋತವಳಿಗೆ ಇನ್ನೇನು ಬೇಕು? ಹೆಂಡತಿಯ ಮನಸ್ಸನ್ನು ಹೀಗೆ ಓದುವ ಗಂಡ ಮೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಅನ್ನಿಸಿತು. ಠೀವಿಯಿಂದ ಟಿಕ್ ಹಾಕಿದ. ಫ್ಯಾಕ್ಸು ಕಿರ್ರೆಂದು ಹೋಯಿತು.

"ಎಂತ ಆತ್ರಾ?" ಬಾಗಿಲಲ್ಲೇ ಕೇಳಿದಳು ಸುಚಿತಾ.

"ಎಲ್ಲ ಆತು! ಏನೂ ಕೇಳಬೇಡ. ಜುಲೈಯಲ್ಲಿ ನೋಡು, ಕುಣೀತೀ!"

ಅವಳ ಮುಖ ಅರಳಿತು. ಅಂದಿನಿಂದ ಅವಳು ಗುನುಗುತ್ತ ಕೆಲಸ ಮಾಡುತ್ತಿದ್ದಳು, ಹೊಸ ಚಪ್ಪಲಿಯನ್ನೂ ತಂದಳು. ವಾಷಿಂಗ್ ಮಷಿನ್ನಿಗೆ ಚಪ್ಪಲಿ ಯಾಕೆ ಎಂಬ ಪ್ರಶ್ನೆ ವಿಶಾಲನಿಗೆ ಏಳಲೇ ಇಲ್ಲ.

ಜುಲೈ ಮೊದಲ ವಾರ ಮಳೆಯಲ್ಲಿ ಟೆಂಪೊ ಬಂತು. ದೊಡ್ಡ ಪೆಟ್ಟಿಗೆಯನ್ನು ಜಗಲಿಯಲ್ಲಿಟ್ಟು ಹೋದರು. ವಿಶಾಲ ಮದುಮಗನ ಠೀವಿಯಲ್ಲಿ ಹೊದಿಕೆ ಬಿಚ್ಚಿದ. ಮುಂಭಾಗದಲ್ಲಿ ದುಂಡನೆ ಗಾಜಿನ ಬಾಗಿಲಿನ ಬೆಳ್ಳನೆ ಮಷಿನ್!

"ಇದೆಂತದು? ಟಿಕೇಟು ಎಲ್ಲಿ?" ಅಂದಳು ಸುಚಿತಾ.

"ಯಾವ ಟಿಕೇಟು? ನಿನಗೆ ಒಂದು ಜಾಗವೂ ಹಿಡಿಸಲಿಲ್ಲವಲ್ಲ!"

"ನೋಡು ಅಂದ್ರಿ, ನೋಡಿದೆ. ಕಂಡದ್ದು ಹೇಳಿದೆ. ಹೋಗೂದಿಲ್ಲ ಅಂದೆನಾ ನಾನು?" ಅವಳು ಹೊಸ ಚಪ್ಪಲಿಯ ಕಡೆ ನೋಡಿದಳು. "ಎಲ್ಲಿ ಇಳಿಸಿದ್ರೂ ಆಗ್ತಿತ್ತು. ವಿಮಾನ ಹತ್ತಬೇಕಿತ್ತು, ಅಷ್ಟೇ."

ಅಷ್ಟರಲ್ಲಿ ಅಂಗಳದಲ್ಲಿ ಗದ್ದಲ. ಜುಲೈಯಲ್ಲಿ ಹೊರಡುವುದೆಂದು ಮಗಳಿಂದ ಕೇಳಿ ಬೀಳ್ಕೊಡಲು ಬಂದ ಮಾವ ದಾಸ, ಹಿಂದೆ ಕುರ್ವೆಯ ಆರೇಳು ಜನ, ಎಲ್ಲರೂ ತೊಯ್ದು ತೊಪ್ಪೆ. ದಾಸನ ಕೈಯಲ್ಲಿ ಹೂಮಾಲೆ ಮತ್ತು ಒಣಸಿಗಡಿಯ ಪೊಟ್ಟಣ.

"ಅಳಿಯಂದ್ರೇ, ದಾರಿಗೆ ಇರಲಿ ಅಂತ ತಂದೆ. ನಮ್ಮ ಕುರ್ವೆಯಲ್ಲಿ ಇವತ್ತಿನವರೆಗೆ ವಿಮಾನ ಹತ್ತಿದವರು ಯಾರೂ ಇಲ್ಲ. ನನ್ನ ಮಗಳೇ ಮೊದಲು! ಎಲ್ಲಿದೆ ವಿಮಾನ?"

ವಿಶಾಲ ನೆಲ ನೋಡಿದ, ಮಾಡು ನೋಡಿದ. ಸುಚಿತಾ ಸೆರಗಿನಿಂದ ಕಣ್ಣೊರೆಸಿಕೊಂಡು, ಅಪ್ಪನ ಕೈಯಿಂದ ಮಾಲೆ ಇಸಿದುಕೊಂಡು ಮಷಿನ್ನಿಗೆ ಹಾಕಿದಳು.

"ಇದೇ ಅಪ್ಪಾ. ನೋಡು, ಕಿಟಕಿ ಕೂಡ ಇದೆ. ಬಟ್ಟೆ ಮಾತ್ರ ಹತ್ತೋದು, ಗಿರಗಿರ ತಿರುಗಿ ಹತ್ತಿದಲ್ಲೇ ಇಳಿಯೋದು. ಡ್ರೈವರ್ ಇವರೇ, ನಾಳೆಯಿಂದ ದಿನಾ!"