ಹಾಜರಿ ಪಟ್ಟಿಯ ಹಳೆ ಪ್ರೋಗ್ರಾಂ

ಉಪಯೋಗವಿಲ್ಲ ಎಂಬ ಒಂದೇ ಕಾರಣಕ್ಕೆ ವಸ್ತುಗಳನ್ನು ಎಸೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಾಟುಂಗದ ನಮ್ಮ ಒಂದೂವರೆ ಕೋಣೆಯ ಮನೆಯಲ್ಲಿ ಹಿಡಿಯಿಲ್ಲದ ಕೊಡೆಯಿದೆ, ಮುಚ್ಚಳವಷ್ಟೇ ಉಳಿದ ಕುಕ್ಕರಿದೆ. "ಬಟ್ಟೆಗೆ ಪಾತ್ರೆ ಕೊಡೋಳು ಬಂದಾಗ ನಿಮ್ಮ ಹಳೇ ಪ್ಯಾಂಟು ಕೊಟ್ಟಿದ್ರೆ ಇಷ್ಟೊತ್ತಿಗೆ ಒಂದು ಸ್ಟೀಲ್ ಸೆಟ್ ಆಗ್ತಿತ್ತು" ಎನ್ನುತ್ತಾಳೆ ಹೆಂಡತಿ. ನಾನು ಜಪ್ಪಯ್ಯ ಎಂದರೂ ಕೊಟ್ಟಿಲ್ಲ.

ಇಂಥವನ ಕೈಗೇ ಸಫಾಯಿ ಕೆಲಸ ಬಂತು. ಫೋರ್ಟ್‌ನ ನಮ್ಮ ಆಫೀಸಿನ ಕಂಪ್ಯೂಟರಿಗೆ ಅದನ್ನು ನಡೆಸುವ ಯುನಿಕ್ಸ್ ವ್ಯವಸ್ಥೆಯ ಹೊಸ ಆವೃತ್ತಿ ಹಾಕಿಸಿದ ವಾರವೇ ಡಿಸ್ಕ್ ತುಂಬಿಹೋಯಿತು. ಹಳೆಯ ಆವೃತ್ತಿಯ ಪ್ರೋಗ್ರಾಂಗಳು ಖಾಲಿ ಮಾಡದ ಬಾಡಿಗೆದಾರರಂತೆ ಒಳಗೇ ಕೂತಿದ್ದವು. ಬೆಳಗಾವಿಯವರಾದ ನಮ್ಮ ಮ್ಯಾನೇಜರ್ ಪಾಟೀಲರು ಕರೆದರು. "ಹಳೇ ಕಚರಾ ಎಲ್ಲಾ ಸಾಫ್ ಮಾಡ್ರಿ. ಯಾವುದು ಯಾರಿಗೂ ಬೇಕಾಗಿಲ್ಲೋ ಅದನ್ನ ತಗದ ಬಿಡ್ರಿ."

ಬೇರೆಯವರು ಬರೆದದ್ದನ್ನೆಲ್ಲ ಧಾರಾಳವಾಗಿ ಅಳಿಸಿದೆ. ಕೊನೆಗೆ ಹಾಜರಿ ಪಟ್ಟಿ ಮುದ್ರಿಸುವ ಹಳೆ ಪ್ರೋಗ್ರಾಂ ಎದುರಾಯಿತು. ಅದನ್ನು ಐದು ವರ್ಷದ ಹಿಂದೆ ಬರೆದವನು ನಾನು. ಈ ಆಫೀಸಿನಲ್ಲಿ ನನ್ನದು ಎಂದು ಹೇಳಿಕೊಳ್ಳಲು ನನಗಿರುವುದು ಅದೊಂದೇ. ಹೊಸ ಆವೃತ್ತಿಯ ಜೊತೆ ಬಂದ ಪ್ರೋಗ್ರಾಂ ಆ ಕೆಲಸವನ್ನು ತಾನೇ ಮಾಡುತ್ತದೆಯಾದ್ದರಿಂದ ನನ್ನದು ಯಾರಿಗೂ ಬೇಡವಾಗಿತ್ತು. ಬೇಡವೇ? ಬೇಕಾಗುವ ಹಾಗೆ ಮಾಡುತ್ತೇನೆ ಎಂದು ಹಟ ಹಿಡಿದು, ಪಟ್ಟಿ ಮತ್ತೆ ನನ್ನ ಪ್ರೋಗ್ರಾಮಿನ ಮೂಲಕವೇ ಹೋಗುವಂತೆ ಜೋಡಿಸಿದೆ. "ಸರ್, ಇದನ್ನ ತೆಗೆಯೋ ಹಾಗಿಲ್ಲ. ತೆಗೆದ್ರೆ ಹಾಜರಿ ಪಟ್ಟಿನೇ ನಿಂತುಹೋಗತ್ತೆ" ಎಂದೆ. ಅಷ್ಟು ಹೊತ್ತಿಗೆ ಅದು ನಿಜವೂ ಆಗಿತ್ತು.

ಸೋಮವಾರ ಪಟ್ಟಿ ಬಂತು. ಎಲ್ಲರೂ ಸಹಿ ಮಾಡಿದರು. ನನ್ನ ಹೆಸರು ಮಾತ್ರ ಎಲ್ಲಿ ಹುಡುಕಿದರೂ ಇಲ್ಲ. ನಾನು ಪ್ರೋಗ್ರಾಂ ಬರೆದಾಗ ಆಫೀಸಿನಲ್ಲಿ ಇದ್ದವರು ನಲವತ್ತು ಮಂದಿ, ಅದು ನಲವತ್ತಕ್ಕೇ ನಿಲ್ಲುತ್ತಿತ್ತು. ಹೊಸ ಆವೃತ್ತಿ ನೋಡಿಕೊಳ್ಳಲು ಅವತ್ತೇ ಅನಿತಾ ಎಂಬ ಹುಡುಗಿ ನಲವತ್ತೊಂದನೆಯವಳಾಗಿ ಕೆಲಸಕ್ಕೆ ಸೇರಿದ್ದಳು. ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಅವಳು ಮೊದಲು ಬಂದು ಕೂತಳು, ತುದಿಯಲ್ಲಿದ್ದ ವೆಂಕಟರಾಮ, ಅಂದರೆ ನಾನು, ಹೊರಗೆ ಬಿದ್ದೆ.

ಪಾಟೀಲರು ಪಟ್ಟಿಯ ಮೇಲೆ ತುದಿಯವರೆಗೆ ಬೆರಳಾಡಿಸಿದರು. "ಅಲ್ರೀ ವೆಂಕಟರಾಮ, ಕಚರಾ ತಗೀರಿ ಅಂದ್ರ ನಿಮ್ಮನ್ನ ನೀವ ತಗದ ಹಾಕೀರಲ್ರೀ."

ನಾನು ಬಗ್ಗಲಿಲ್ಲ. ಪಟ್ಟಿಯ ಕೆಳಗೆ ಪೆನ್ನಿನಿಂದ ಹೆಸರು ಬರೆದು ಸಹಿ ಹಾಕಿದೆ. ಪ್ರೋಗ್ರಾಂ ತಿದ್ದಲು ಐದು ನಿಮಿಷ ಸಾಕು. ಆದರೆ ಅದರಲ್ಲಿ ತಪ್ಪಿದೆ ಎಂದು ಒಪ್ಪಿಕೊಳ್ಳಬೇಕಲ್ಲ! ಈಗಲೂ ದಿನಾ ನಲವತ್ತು ಹೆಸರು ಅಂದವಾಗಿ ಅಚ್ಚಾಗಿ ಬರುತ್ತವೆ. ನಲವತ್ತೊಂದನೆಯದನ್ನು ನಾನು ಕೈಯಾರೆ ಬರೆದುಕೊಳ್ಳುತ್ತೇನೆ.