ಕಾಕಾ ಹಾಲನ್ನು ಬಿಡುಗಡೆ ಮಾಡಿದ್ದು

ನಮ್ಮ ಕಾಕಾ ಕೊಟ್ಟೂರಿನಲ್ಲಿ ಮಿರ್ಚಿ ಮಾರುತ್ತಿದ್ದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆತ ಮಿರ್ಚಿ ಕರಿಯುತ್ತಿದ್ದ, ಅಷ್ಟೇ. ಮಾರುವುದು ಬೇರೆಯೇ ಕೆಲಸ. ಮಾರಬೇಕಾದರೆ ಕೇಳಿದವರಿಗೆ ಕೊಡಬೇಕು. ನಮ್ಮ ಕಾಕಾ ಕೇಳಿದವರ ಮುಖ ನೋಡುತ್ತಿದ್ದ!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಬಸ್ ಸ್ಟ್ಯಾಂಡಿನ ಹತ್ತಿರ ಆತನದೊಂದು ತಗಡಿನ ಅಂಗಡಿ. ಸಂಜೆ ನಾಲ್ಕಕ್ಕೆ ಒಲೆ ಹೊತ್ತಿತೆಂದರೆ ಕೂಡ್ಲಿಗಿ ಬಸ್ಸಿನ ಕಂಡಕ್ಟರ್ ಕೂಡ ಸೀಟಿ ಊದುವುದನ್ನು ಮರೆತು ಒಗ್ಗರಣೆ ಮಂಡಕ್ಕಿಯ ಮುಂದೆ ನಿಲ್ಲುತ್ತಿದ್ದ. ಕಾಲೇಜು ಬಿಟ್ಟವರೂ ಬರುತ್ತಿದ್ದರು. ತಕರಾರು ಶುರುವಾಗುತ್ತಿದ್ದದ್ದೇ ಅಲ್ಲಿ.

“ಎರಡು ಪ್ಲೇಟ್ ಕೊಡ್ರಿ.”

“ಅವಂಗ ಕೊಡ್ತೀನಿ. ನಿನಗ ಇಲ್ಲ.”

“ಯಾಕ್ರಿ?”

“ಗದ್ದದ ಮ್ಯಾಲೆ ಏನದು? ಯಾವಾಗ ಎದ್ದೈತಿ?”

“ಅಯ್ಯ, ರೊಕ್ಕ ಕೊಡ್ತೀನಲ್ರಿ!”

“ರೊಕ್ಕ ನೀ ಕೊಡ್ತಿ. ಮುಖ ಯಾರು ಕೊಡ್ತಾರ?”

ಹೀಗೆ ಮೊಡವೆಯ ಕಾರಣಕ್ಕೆ ತಿರಸ್ಕೃತರಾದವರೆಲ್ಲ ನೇರವಾಗಿ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಒಂದು ಯುಗಾದಿಗೆ ಆ ಅಂಗಡಿಯವನು ಬಂದು ಕಾಕಾನಿಗೆ ಶಲ್ಯ ಹೊದಿಸಿ, “ಅಣ್ಣಾರ, ನಿಮ್ಮ ಆಶೀರ್ವಾದದಿಂದ ಇನ್ನೊಂದು ಒಲಿ ಹೂಡೀನ್ರಿ” ಎಂದು ಕೈಮುಗಿದ. ಶಲ್ಯ ಹೊದಿಸಿದ್ದು ನಿಜವೇ, ಅಥವಾ ಹಾಸ್ಟೆಲಿನಲ್ಲಿ ಗೆಳೆಯರಿಗೆ ಹೇಳುವಾಗ ನಾನು ಸೇರಿಸಿದ್ದೇ? ಈಗ ಖಾತ್ರಿಯಿಲ್ಲ. ಎರಡನೆಯ ಒಲೆಯಂತೂ ನಿಜ. ಅದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಈ ಹುಚ್ಚಿಗೆ ಕಾರಣ ಕಾಕಾನ ಒಬ್ಬಳೇ ಮಗಳು, ನನ್ನ ತಂಗಿ. ಆಗ ಪಿ.ಯು.ಸಿ. ಓದುತ್ತಿದ್ದಳು. ಕೆನ್ನೆ, ಹಣೆ, ಗದ್ದ ಎನ್ನದೆ ಮೊಡವೆಗಳು. ಮುಖಕ್ಕೆ ದುಪಟ್ಟಾ ಸುತ್ತಿಕೊಂಡು ಕಾಲೇಜಿಗೆ ಹೋಗಿ, ದುಪಟ್ಟಾ ಸುತ್ತಿಕೊಂಡೇ ಬರುತ್ತಿದ್ದಳು. ಟಿ.ಸಿ.ಎಚ್. ಮಾಡಿ ಟೀಚರ್ ಆಗಬೇಕೆಂಬುದು ಅವಳ ಚಿಕ್ಕಂದಿನ ಆಸೆ. ಒಂದು ದಿನ ಇದ್ದಕ್ಕಿದ್ದಂತೆ, “ಇಂಥಾ ಮುಖ ತಗೊಂಡು ಹುಡುಗರ ಮುಂದ ಹೆಂಗ ನಿಲ್ಲಲಿ? ನಾ ಅರ್ಜಿ ಹಾಕಂಗಿಲ್ಲ” ಎಂದುಬಿಟ್ಟಳು. ಅರ್ಜಿ ಹಾಕುವುದಕ್ಕೆ ಇನ್ನೊಂದು ವರ್ಷವಿತ್ತು. ಅಷ್ಟರೊಳಗೆ ಅಪರಾಧಿಯನ್ನು ಹಿಡಿಯುತ್ತೇನೆಂದು ಕಾಕಾ ಪಣ ತೊಟ್ಟ.

ಹಿಡಿಯುವ ಉಪಾಯವನ್ನು ಆತ ಯಾವ ಪುಸ್ತಕದಿಂದಲೂ ಕಲಿತಿರಲಿಲ್ಲ, ಬಾಣಲೆಯಿಂದ ಕಲಿತಿದ್ದ. ಮಿರ್ಚಿ ಒಮ್ಮೊಮ್ಮೆ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಆಗ ಕಾಕಾ ಹಿಟ್ಟನ್ನು ಸಣ್ಣ ಸಣ್ಣ ಬಟ್ಟಲುಗಳಲ್ಲಿ ಕಲಸಿ, ಒಂದರಲ್ಲಿ ಸೋಡಾ ಹಾಕದೆ ಬಿಡುತ್ತಿದ್ದ, ಇನ್ನೊಂದರಲ್ಲಿ ಅಕ್ಕಿಹಿಟ್ಟು, ಮತ್ತೊಂದರಲ್ಲಿ ಓಂಕಾಳು. ಯಾವುದನ್ನು ಬಿಟ್ಟಾಗ ಮಿರ್ಚಿ ಗರಿಗರಿಯಾಯಿತೋ ಅದೇ ಕಳ್ಳ. “ಮಗಳ ಮುಖಾನೂ ಹಂಗ. ಒಂದೊಂದ ಬಿಟ್ಟು ನೋಡೂದು. ಹದಿನೈದ ಹದಿನೈದ ದಿನ.”

ನಾನು ಆಗಷ್ಟೇ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಸೇರಿದ್ದೆ. ಎರಡು ತಿಂಗಳ ಪ್ರಯೋಗಾಲಯದ ವಾಸನೆ ಹಿಡಿದವನಿಗೆ ಲೋಕದಲ್ಲಿ ಎಲ್ಲವೂ ಮೂಢನಂಬಿಕೆಯಾಗಿಯೇ ಕಾಣುತ್ತದೆ, ಅಲ್ಲವೇ?

ಮೊದಲು ಅಪರಾಧಿಯೆಂದು ಒಳಗೆ ಹೋದದ್ದು, ಅಂದರೆ ಊಟದಿಂದ ಹೊರಗಾದದ್ದು, ಬದನೆಕಾಯಿ. ಅದು ನಂಜು ಎಂದು ಓಣಿಯ ಹೆಂಗಸರೆಲ್ಲ ಸಾಕ್ಷಿ ನುಡಿದಿದ್ದರು. ಮಗಳೊಬ್ಬಳೇ ಬಿಟ್ಟರೆ ಅವಳ ಬಾಯಲ್ಲಿ ನೀರೂರುತ್ತದೆಂದು ಇಡೀ ಮನೆಯೇ ಬಿಡಬೇಕೆಂಬುದು ಕಾಕಾನ ಕಾನೂನು. ಹಂಪಸಾಗರದ ಮದುವೆಯೊಂದರಲ್ಲಿ ಎಣ್ಣೆಗಾಯಿ ಬಡಿಸಲು ಬಂದವನನ್ನು ತಡೆದು, “ಬ್ಯಾಡಪಾ, ಇದು ಇನ್ನೂ ವಿಚಾರಣ್ಯಾಗ ಐತಿ” ಎಂದ. ಅವನು ಗಾಬರಿಯಾಗಿ ಬಕೆಟ್ಟಿಗೆ ಮೂಗಿಟ್ಟು ಮೂಸಿ ನೋಡಿದ. ಆಮೇಲೆ ಆ ಸಾಲಿನಲ್ಲಿ ಒಬ್ಬರೂ ಬದನೆಕಾಯಿ ಮುಟ್ಟಲಿಲ್ಲ!

ಮೊಡವೆ ಕಡಿಮೆಯಾಗದೆ ಬದನೆಕಾಯಿ ಬಿಡುಗಡೆಯಾಯಿತು, ಶೇಂಗಾ ಒಳಗೆ ಹೋಯಿತು. ನಮ್ಮ ಕಡೆ ಶೇಂಗಾ ಇಲ್ಲದ ಅಡುಗೆಮನೆ ಉಂಟೇ? ಕಾಕಿ ಖಾಲಿ ಡಬ್ಬಿಯನ್ನು ಗಂಡನ ಮುಂದೆ ಕುಕ್ಕಿದಳು.

“ಅಲ್ರೀ, ಇನ್ನ ರೊಟ್ಟಿಗೆ ಏನು ಹಚ್ಕೊಂಡು ತಿನ್ನೂದು?”

“ಸಮಾಧಾನ ಹಚ್ಕೊಂಡು ತಿನ್ನು.”

“ಅದನ್ನ ನೀವು ಯಾವತ್ತು ತಂದು ಹಾಕೀರಿ ಮನಿಗೆ?”

ಪ್ರತಿ ಸೋಮವಾರ ಬೆಳಿಗ್ಗೆ ಎಣಿಕೆ. ಮಗಳನ್ನು ಹೊಸ್ತಿಲ ಬೆಳಕಿನಲ್ಲಿ ಕೂರಿಸಿ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಒಂದು ಮುಖ ಬರೆದು, ಇದ್ದಲ್ಲಿ ಇದ್ದಂತೆ ಚುಕ್ಕೆಯಿಡುತ್ತಿದ್ದ. ಬರೆದ ಮುಖಗಳೆಲ್ಲ ಮಿರ್ಚಿಯ ಆಕಾರದಲ್ಲೇ ಇರುತ್ತಿದ್ದವು. “ಅಪ್ಪಾ, ಎಣಿಸಬ್ಯಾಡ. ಎಣಿಸಿದ್ರ ಹೆಚ್ಚಾಗ್ತಾವು” ಎಂದು ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಊರಿಗೆ ಬಂದಾಗಲೆಲ್ಲ ನಾನು ನೋಡಿ ನಗುತ್ತಿದ್ದೆ. ಈಗ ಆ ಮಾತು ನೆನಪಾದರೆ ನಗು ಬರುವುದಿಲ್ಲ.

ಶೇಂಗಾ, ಬೆಲ್ಲ, ಹುಣಸೆ, ಕರಿದದ್ದು ಎಲ್ಲವೂ ಒಳಗೆ ಹೋಗಿ ಹೊರಗೆ ಬಂದವು. ಕೊನೆಗೆ ಕಾಕಾನ ಕಣ್ಣು ಹಾಲಿನ ಮೇಲೆ ಬಿತ್ತು. ಓಣಿಯೇ ಬೆಚ್ಚಿಬಿತ್ತು. ಹಾಲು ಕುಡಿದರೆ ಮುಖಕ್ಕೆ ಕಳೆ, ಕೆನೆ ಹಚ್ಚಿದರೆ ಹೊಳಪು! ಅಂಥ ಹಾಲನ್ನು ಅನುಮಾನಿಸುವುದೇ? ಕಾಕಾ ಕೇಳಲಿಲ್ಲ. ಮನೆಯಲ್ಲಿ ಹಾಲು, ಮೊಸರು, ಮಜ್ಜಿಗೆ ಎಲ್ಲ ಬಂದ್. ಕರಿ ಚಹ ಕುಡಿಯುತ್ತ ಕೂತ.

ಅದೇ ವಾರ ದೀಪಾವಳಿ ರಜೆಗೆ ಬಂದ ನಾನು ತಂಗಿಯನ್ನು ನೋಡಿದೆ. ಸೊರಗಿದ್ದಳು. ನನಗೆ ಮರುಕವೂ ಬಂತು, ವಿಜ್ಞಾನವೂ ಬಂತು. “ಹಾಲಿಗೂ ಮೊಡವೆಗೂ ಸಂಬಂಧ ಇಲ್ಲ, ಆಧಾರ ಇಲ್ಲ” ಎಂದು ಘೋಷಿಸಿದೆ. ನಾನೇನು ಆಧಾರ ಹುಡುಕಿದ್ದೆನೇ? ಒಂದು ಪುಟ ತೆರೆದು ನೋಡಿದ್ದೆನೇ? ಇಲ್ಲ. ಸಂಜೆ ಲೈಬ್ರರಿಗೆಂದು ಹೇಳಿ ಅವಳನ್ನು ಹೋಟೆಲಿಗೆ ಕರೆದೊಯ್ದು ತಣ್ಣನೆಯ ಬಾದಾಮಿ ಹಾಲು ಕುಡಿಸಿದೆ. ನನ್ನ ನೆನಪಿನ ಪ್ರಕಾರ ಎರಡು ದಿನ, ಹೆಚ್ಚೆಂದರೆ ಮೂರು. ತಂಗಿಯ ಪ್ರಕಾರ, “ಹದಿನೈದು ದಿನಾನೂ, ಅಣ್ಣಾ. ಒಂದಿನ ಎರಡು ಬಾಟ್ಲಿ.”

ಹದಿನೈದು ದಿನ ಮುಗಿದು ಎಣಿಕೆಯ ಸೋಮವಾರ ಬಂತು. ಚುಕ್ಕೆಗಳು ಕಡಿಮೆಯಾಗುವುದಿರಲಿ, ಮೂರು ಹೆಚ್ಚಾಗಿದ್ದವು. ಕಾಕಾ ಬಹಳ ಹೊತ್ತು ಆ ಚಿತ್ರ ನೋಡಿದ. ಆಮೇಲೆ ಕಾಕಿಯಿಂದ ದೊಡ್ಡ ಲೋಟದಲ್ಲಿ ಸಕ್ಕರೆ ಹಾಕಿದ ಹಾಲು ತರಿಸಿ, ತನ್ನ ಕೈಯಾರೆ ಮಗಳಿಗೆ ಕೊಟ್ಟ.

“ಕುಡಿ, ನನ್ನವ್ವ. ಇದರದೇನೂ ತಪ್ಪಿಲ್ಲ. ಸುಮ್ಮನ ಅನುಮಾನ ಪಟ್ವಿ.”

ತಂಗಿ ನನ್ನ ಕಡೆ ನೋಡಿದಳು. ನಾನು ನಸುನಕ್ಕೆ. ಅವಳು ಕುಡಿದಳು. ಅಂದಿನಿಂದ ಹಾಲಿಗೆ ಮಾಡಿದ ಅನ್ಯಾಯ ಸರಿಪಡಿಸಲೆಂದು ದಿನಕ್ಕೆ ಎರಡು ಲೋಟ!

ರಜೆ ಮುಗಿಸಿ ಹೋದವನು ಬೇಸಿಗೆಗೆ ಬಂದರೆ ಅಂಗಡಿಯ ಜಾಗದಲ್ಲಿ ಪಂಚರ್ ಹಾಕುವವನು ಕೂತಿದ್ದ. ನಾನು ಮನೆಗೆ ಓಡಿದೆ. ಕಾಕಾ ಬಾವಿಯ ಹತ್ತಿರ ಅಂಗಿ ಒಗೆಯುತ್ತಿದ್ದ.

“ಎಲ್ಲಾ ಬಿಟ್ಟು ನೋಡಿದ್ವಿ. ಬಿಡದ ಇರೂದು ಒಂದ ಉಳಿದಿತ್ತು.”

“ಏನು?”

“ನಾನು. ದಿನಾ ಮೈತುಂಬ ಎಣ್ಣಿ ಹೊಗಿ ಹೊತ್ಕೊಂಡು ಮನಿಗೆ ಬರ್ತಿದ್ನಲ್ಲ, ಅದ ಆಕಿ ಮುಖಕ್ಕ ಕುಂತಿರಬೇಕು.”

ಬಾಣಲೆ, ಜಾಲರಿ ಎಲ್ಲ ಎದುರಿನ ಅಂಗಡಿಗೆ ಹೋಗಿದ್ದವು. ಕಾಕಾ ಹಗರಿಬೊಮ್ಮನಹಳ್ಳಿಯ ದಲಾಲಿ ಅಂಗಡಿಯೊಂದರಲ್ಲಿ ಚೀಲ ಎಣಿಸುವ ಕೆಲಸ ಹಿಡಿದಿದ್ದ. ಆಗಲಾದರೂ ನಾನು ಹೇಳಬಹುದಿತ್ತು. ಬಾಯಿ ತೆರೆದೆ ಎಂದೇ ನೆನಪು. ಆದರೆ ಈ ನೆನಪನ್ನು ನಾನು ನಂಬುವುದಿಲ್ಲ. ನನ್ನನ್ನು ಒಳ್ಳೆಯವನಂತೆ ತೋರಿಸುವ ಯಾವ ನೆನಪನ್ನೂ ನಾನೀಗ ನಂಬುವುದಿಲ್ಲ.

ಮುಖ ತಿಳಿಯಾಗಲಿಲ್ಲ. ಅರ್ಜಿಯ ದಿನ ಬಂತು, ಹೋಯಿತು. ಮರುವರ್ಷವೂ ಅಷ್ಟೇ. ತಂಗಿ ಹೊಲಿಗೆ ಕಲಿತಳು, ಮದುವೆಯಾಗಿ ಹರಪನಹಳ್ಳಿಗೆ ಹೋದಳು. ಹಲವು ವರ್ಷಗಳ ಮೇಲೆ ಅಲ್ಲಿನ ಡಾಕ್ಟರೊಬ್ಬರು, ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಹಾಲು ಆಗಿಬರುವುದಿಲ್ಲ, ಒಂದಷ್ಟು ದಿನ ಬಿಟ್ಟು ನೋಡಿ ಎಂದರಂತೆ. ಬಿಟ್ಟಳು. ಎರಡು ತಿಂಗಳಿಗೆ ಫೋನ್ ಬಂತು: “ಅಣ್ಣಾ, ಬಂದು ನನ್ನ ಮುಖ ನೋಡು!”

ಹೋಗಿ ನೋಡಿದೆ. ವಯಸ್ಸಾದಂತೆ ತಾನೇ ಹೋಗಿರಬಹುದು ಎಂದು ಬಸ್ಸಿನಲ್ಲಿ ವಾದ ಹೂಡಿಕೊಂಡೆ. ಹಾಲೇ ಕಾರಣವೆಂದು ಸಾಬೀತಾಗಿಲ್ಲವಲ್ಲ? ಆಗಿಲ್ಲ, ನಿಜ. ಸಾಬೀತಾಗದಂತೆ ಮಾಡಿದವನು ನಾನೇ. ಒಂದು ಇಡೀ ಓಣಿಯಲ್ಲಿ ಸರಿಯಾದ ಪ್ರಯೋಗ ಮಾಡುತ್ತಿದ್ದವನು ಮಿರ್ಚಿ ಕರಿಯುವವನು, ಅದನ್ನು ಕೆಡಿಸಿದವನು ಎಂ.ಎಸ್ಸಿ. ಓದುವವನು!

ಅಲ್ಲಿಂದ ನೇರವಾಗಿ ಕೊಟ್ಟೂರಿಗೆ ಹೋದೆ. ಕಾಕಾ ಜಗುಲಿಯ ಮೇಲೆ ಕೂತು ಹವಳ ಹಿಡಿದಷ್ಟೇ ಜೋಪಾನವಾಗಿ ತೊಗರಿಕಾಯಿ ಸುಲಿಯುತ್ತಿದ್ದ. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಹೋಟೆಲು, ಬಾಟಲಿ, ಲೈಬ್ರರಿಯ ಸುಳ್ಳು, ಆ ಸೋಮವಾರದ ನನ್ನ ನಸುನಗು. ಬೈಯಲಿ ಎಂದು ತಲೆ ತಗ್ಗಿಸಿದೆ.

ಕಾಕಾನ ಬೆರಳು ನಿಂತಿತು. ಆಮೇಲೆ ಕೇಳಿದ:

“ಹಾಲು ಕುಡಿಯೋ ಮುಂದ ಆಕಿ ನಗತಿದ್ಲೇನು?”

“ಅಂದ್ರ?”

“ಮುಖದ ಮ್ಯಾಲಿನ ದುಪಟ್ಟಾ ತೆಗದು, ನಕ್ಕೋತ ಕುಡೀತಿದ್ಲೇನು? ಆ ವರ್ಷ ಆಕಿ ನಕ್ಕದ್ದು ನಾ ಒಂದ ಸಲಾನೂ ನೋಡ್ಲಿಲ್ಲಪಾ.”

ನನಗೆ ಆ ಹೋಟೆಲಿನ ಮೇಜು ನೆನಪಿದೆ. ಬಾಟಲಿಯ ತಣುಪು ನೆನಪಿದೆ. ಅವಳ ಮುಖ ಮಾತ್ರ, ಎಷ್ಟು ತಡಕಿದರೂ, ನೆನಪಿಲ್ಲ.

“ಹೂಂ ಕಾಕಾ,” ಎಂದೆ. “ದಿನಾ ನಗತಿದ್ಲು.”